ಕಣಿಕೆಗೆ ಕಟ್ಟಿದ ತಂತಿ

ಒಣಗಿದ ಜೋಳದ ದಂಟಿಗೆ, ಅಂದರೆ ಕಣಿಕೆಗೆ, ಒಂದು ವಾಸನೆ ಇರುತ್ತದೆ. ಮೊನ್ನೆ ಬಸವಕಲ್ಯಾಣದ ನಮ್ಮ ಓಣಿಯಲ್ಲಿ ಕಣಿಕೆ ಹೇರಿದ ಟ್ರ್ಯಾಕ್ಟರ್ ಹೋದಾಗ ಅದು ಮೂಗಿಗೆ ಬಡಿಯಿತು. ಕಟ್ಟೆಯ ಮೇಲೆ ಇಂಗ್ಲಿಷ್ ಓದುತ್ತಿದ್ದ ಮೊಮ್ಮಗಳು ಪೂಜಾ ಅದೇ ಹೊತ್ತಿಗೆ, "ಆಯಿ, ಹೇವೈರ್ ಅಂದ್ರ ಏನ್ ಹೇಳು ನೋಡೂಣು," ಎಂದಳು.

"ನಂಗೇನ್ ಕೇಳ್ತಿ? ನಾ ಎರಡನೇ ಇಯತ್ತಿಗೇ ಸಾಲಿ ಬಿಟ್ಟಾಕಿ."

"ಹೇ ಅಂದ್ರ ಹುಲ್ಲು, ವೈರ್ ಅಂದ್ರ ತಂತಿ. ಕೆಲಸ ಕೆಟ್ಟು ಗೋಜಲಾದ್ರ ಇಂಗ್ಲಿಷ್‌ನ್ಯಾಗ ಹೇವೈರ್ ಆತು ಅಂತಾರ. ಅಲ್ಲಿ ಮಂದಿ ಹುಲ್ಲಿನ ಪೆಂಡಿ ತಂತೀಲೆ ಕಟ್ತಿದ್ರಂತ. ಬಿಚ್ಚಿದ್ರ ಸಿಡದು ಕೈಕಾಲಿಗೆ ಸುತ್ಕೊಳ್ತಿತ್ತಂತ. ಮುರದ ಸಾಮಾನಿಗೂ ಅದೇ ತಂತಿ ಸುತ್ತಿ ಹ್ಯಾಂಗೋ ನಡಸ್ತಿದ್ರಂತ. ಅದಕ್ಕ ಈ ಮಾತು."

"ಹುಲ್ಲಿಗೆ ತಂತಿ ಕಟ್ಟಿದ್ರ ಕೆಡದ ಮತ್ತೇನಾಗ್ತದ?" ಎಂದೆ. ಅವಳು ನಕ್ಕಳು. ನನಗೆ ಅವ್ವ ನೆನಪಾದಳು.

ನಾನು ಸಣ್ಣವಳಿದ್ದಾಗ ದುಬಲಗುಂಡಿಯ ನಮ್ಮ ತವರುಮನೆಯಲ್ಲಿ ಕಣಿಕೆಯ ಪೆಂಡಿ, ಅಂದರೆ ಸೂಡು, ಕಟ್ಟುವುದು ಅವ್ವನ ಕೆಲಸ. ಇಬ್ಬನಿ ಆರುವ ಮುನ್ನ ಹೊಲಕ್ಕೆ ಹೋಗಬೇಕು; ಬಿಸಿಲೇರಿದರೆ ದಂಟು ಮುರಿಯುತ್ತದೆ. ಮೆತ್ತಗಾದ ಎರಡು ದಂಟು ಹೊಸೆದು, ಸೂಡಿಗೆ ಸುತ್ತಿ, ತುದಿಯನ್ನು ಒಳಗೆ ತುರುಕುತ್ತಿದ್ದಳು. ಗಂಟಿಲ್ಲ, ಆದರೂ ಬಿಚ್ಚುತ್ತಿರಲಿಲ್ಲ. "ಸುತ್ತಿದ ಕಟ್ಟೂ ದನದ ಹೊಟ್ಟಿಗೇ ಹೋಗ್ಬೇಕು," ಎನ್ನುವಳು. ನಿಮ್ಮ ಮನೆಯ ಹಿರಿಯರೂ ಹೀಗೇ ಅಂದಿರಬಹುದು. ಅಪ್ಪನಿಗೆ ನಸುಕಿನ ಚಳಿ ಆಗದು. ಒಂದು ವರ್ಷ ಹುಮನಾಬಾದಿನ ಬಜಾರಿನಿಂದ ತಂತಿಯ ಸುರುಳಿ ತಂದ. "ಇನ್ನ ಯಾವಾಗ ಬೇಕಾದ್ರೂ ಕಟ್ಟಬಹುದು. ಇಬ್ಬನಿ ದಾರಿ ಕಾಯೂದು ಬ್ಯಾಡ," ಎಂದ. "ತಂತಿ ದನ ತಿಂದಾವ್ರೀ," ಎಂದಳು ಅವ್ವ. "ನಿನಗಿಂತ ದನಕ್ಕ ಬುದ್ಧಿ ಅದ." ಬಣವೆ ಚೆಂದ ನಿಂತಿತು. ಓಣಿಯವರೂ ಹೊಗಳಿದರು.

ಮಳೆಗಾಲದಲ್ಲಿ ನಮ್ಮ ಆಕಳು ಗಂಗಿ ಮೇವು ಬಿಟ್ಟಿತು. ಬೆನ್ನು ಗೂನು ಮಾಡಿಕೊಂಡು ನಿಂತು ನರಳಿತು. ಮೇವಿನಲ್ಲಿ ಉಳಿದ ತಂತಿಯ ತುಣುಕು ಹೊಟ್ಟೆಯೊಳಗೆ ಚುಚ್ಚಿರಬೇಕು ಎಂದರು ದನದ ಡಾಕ್ಟರು. ಗಂಗಿ ಉಳಿಯಲಿಲ್ಲ. ಅವ್ವ ಬಣವೆ ಇಳಿಸಿ, ಒಂದೊಂದೇ ಸೂಡಿನ ತಂತಿ ಬಿಚ್ಚಿ, ನೀರು ಚಿಮುಕಿಸಿದ ದಂಟಿನಿಂದ ಮತ್ತೆ ಕಟ್ಟತೊಡಗಿದಳು. ಅಪ್ಪ ಬಂದು ಅವಳ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತ.

"ನನಗೂ ತೋರ್ಸು."

"ನಿಮ್ಮ ಕೈಗೆ ಹತ್ತಂಗಿಲ್ಲ ಬಿಡ್ರಿ."

"ತೋರ್ಸು ಅಂದ್ನಲ್ಲ."

ಅವ್ವ ಅವನ ಬೆರಳುಗಳನ್ನು ತನ್ನ ಕೈಯಲ್ಲಿ ಹಿಡಿದು ದಂಟು ಹೊಸೆಯಿಸಿದಳು. ಅವರಿಬ್ಬರು ಕೈ ಹಿಡಿದದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಈಗ ಅವರಿಬ್ಬರೂ ಇಲ್ಲ. ಆ ಮನೆಯೂ ಇಲ್ಲ. ಕೊಟ್ಟಿಗೆಯ ಜಾಗದಲ್ಲಿ ಬೇರೆಯವರ ಗೋಡೆ ಎದ್ದಿದೆ. ಮೊನ್ನೆ ಆ ಟ್ರ್ಯಾಕ್ಟರಿನಿಂದ ಉದುರಿದ ಕಣಿಕೆ ಆಯ್ದು, ನೀರು ಹಚ್ಚಿ, ಪೂಜಾಳ ಎದುರು ಒಂದು ಪುಟ್ಟ ಸೂಡು ಕಟ್ಟಿದೆ. ಬೆರಳು ಮರೆತಿರಲಿಲ್ಲ. "ಗಂಟ್ ಎಲ್ಲದ ಆಯಿ?" ಎಂದು ಅವಳು ತಿರುಗಿಸಿ ಮುರುಗಿಸಿ ಹುಡುಕಿದಳು. ಓಣಿಯಲ್ಲಿ ಅಲೆಯುವ ಆಕಳ ಮುಂದೆ ಹಾಕಿದೆವು. ಅದು ಮೂಸಿ ನೋಡಿ, ಮೊದಲು ಸುತ್ತಿದ್ದ ದಂಟಿನ ಕಟ್ಟನ್ನೇ ತಿಂದಿತು.