ದೊಡ್ಡಪ್ಪನ ಮಗನಾಗಿ ತರೀಕೆರೆಗೆ

ಐವತ್ತರ ದಶಕದ ಮಾತು. ಹಿರಿಯರ ಎದುರು ತನ್ನ ಮಗನನ್ನು ತಾನೇ ಎತ್ತಿಕೊಳ್ಳುವ ಗಂಡಸನ್ನು ನಮ್ಮ ಕಡೆ ನಾಚಿಕೆಗೆಟ್ಟವನು ಅನ್ನುತ್ತಿದ್ದರು. ಮಗ ಹುಟ್ಟಿದ್ದರಲ್ಲಿ ತನ್ನ ಕೈವಾಡವೇನೂ ಇಲ್ಲವೆಂಬಂತೆ ಅಪ್ಪನಾದವನು ಓಡಾಡಿಕೊಂಡಿರಬೇಕಿತ್ತು.

ಅಜ್ಜಂಪುರದ ಪಕ್ಕದ ನಮ್ಮ ಮನೆಯಲ್ಲಿ ಈ ಮರ್ಯಾದೆ ಕಾಯಲೆಂದೇ ಅಜ್ಜ ದಿನವಿಡೀ ಜಗಲಿಯ ಮೇಲೆ ಕೂತಿರುತ್ತಿದ್ದರು. ಅಣ್ಣತಮ್ಮಂದಿರ ಮಕ್ಕಳನ್ನು ಮುದ್ದಿಸಲು ಮಾತ್ರ ಅಡ್ಡಿಯಿರಲಿಲ್ಲ. ಹಾಗಾಗಿ ಹೊಲದಿಂದ ಬಂದವರೇ ಅಪ್ಪ ದೊಡ್ಡಪ್ಪನ ಮಗನನ್ನು ಹೆಗಲಿಗೇರಿಸಿಕೊಳ್ಳುತ್ತಿದ್ದರು, ದೊಡ್ಡಪ್ಪ ನನ್ನನ್ನು. ಅಜ್ಜನಿಗೆ ಸಮಾಧಾನ. ಅಪ್ಪ ಕರುವಿನ ಕುತ್ತಿಗೆಯನ್ನೂ ಗಂಟೆಗಟ್ಟಲೆ ನೇವರಿಸುತ್ತಿದ್ದರು. ಅದೂ ಅವರ ಮಗನಲ್ಲವಲ್ಲ! ದೊಡ್ಡಪ್ಪನ ಹೆಗಲ ಮೇಲೆ ಕೂತು ಅಪ್ಪನ ಹೆಗಲು ನೋಡುವಾಗ ನನಗೆ ಹೊಟ್ಟೆ ಉರಿಯುತ್ತಿತ್ತು.

ಏಳನೇ ವಯಸ್ಸಿನಲ್ಲಿ ನನ್ನ ಕಿವಿ ಸೋರತೊಡಗಿತು. ಅಪ್ಪ ನನ್ನನ್ನು ತರೀಕೆರೆ ಆಸ್ಪತ್ರೆಗೆ ಕರೆದುಕೊಂಡು ಹೊರಟರು. ಬಸ್ಸಿನಲ್ಲಿ ನಮ್ಮಿಬ್ಬರ ನಡುವೆ ಒಂದು ಚೀಲ ಕೂತಿತ್ತು. ಊರು ಮರೆಯಾದದ್ದೇ ತಡ, ಅಪ್ಪ ಹಿಂದೆ ಮುಂದೆ ನೋಡಿ, ಚೀಲವನ್ನು ಕೆಳಗಿಟ್ಟು, ನನ್ನನ್ನು ತೊಡೆಯ ಮೇಲೆ ಎಳೆದುಕೊಂಡರು. ಪಕ್ಕದ ಜಾಗ ಖಾಲಿಯೇ ಇತ್ತು. ಅಂಗಿಯ ತುಂಬ ನಶ್ಯದ ವಾಸನೆ, ನನ್ನ ಹೊಟ್ಟೆಯ ಸುತ್ತ ಅವರ ಎರಡೂ ಕೈ. ಕಿವಿನೋವು ಮರೆತೇ ಹೋಯಿತು. ಅಂಥ ಸುಖವನ್ನು ಅದುವರೆಗೆ ನಾನು ಕಂಡಿರಲಿಲ್ಲ.

ಅಮೃತಾಪುರದಲ್ಲಿ ಅಜ್ಜನ ಹಳೆಯ ಸ್ನೇಹಿತರೊಬ್ಬರು ಹತ್ತಿ ನಮ್ಮೆದುರಿಗೇ ಕೂತರು. ನಮ್ಮನ್ನು ನೋಡಿ ಹುಬ್ಬು ಗಂಟಿಕ್ಕಿದರು.

"ಯಾರ ಮಗನಪ್ಪಾ ಇವ್ನು? ನಿನ್ನ ಮಗನಾ?"

"ಅಲ್ಲ ಗೌಡ್ರೇ, ನಮ್ಮಣ್ಣನ ಮಗ," ಎಂದರು ಅಪ್ಪ, ಒಂದಿಷ್ಟೂ ತಡವರಿಸದೆ.

"ಹಂಗಾದ್ರೆ ಸರಿ," ಎಂದು ಗೌಡರು ಎಲೆಅಡಿಕೆ ಚೀಲ ಬಿಚ್ಚಿದರು.

ನಾನು ಅಳಲು ಶುರುಮಾಡಿದವನು ಆಸ್ಪತ್ರೆಯಲ್ಲೂ ನಿಲ್ಲಿಸಲಿಲ್ಲ. ಡಾಕ್ಟರು ಪಾಪ, ಕಿವಿಗೆ ಎರಡು ತೊಟ್ಟು ಔಷಧಿ ಹೆಚ್ಚೇ ಬಿಟ್ಟರು. ಸಂಜೆ ಮನೆಗೆ ಬಂದವನೇ, ಮುದ್ದೆ ತಿರುವುತ್ತಿದ್ದ ಅವ್ವನ ಹತ್ತಿರ ಹೋಗಿ ದೂರು ಹೇಳಿದೆ.

"ಅಪ್ಪ ಬಸ್ಸಲ್ಲಿ ನನ್ನನ್ನ ದೊಡ್ಡಪ್ಪನ ಮಗ ಅಂದ್ಬಿಟ್ರು."

ಅವ್ವ ಕೈ ನಿಲ್ಲಿಸಿ ಎಲ್ಲವನ್ನೂ ಕೇಳಿದಳು.

"ಗೌಡ್ರು ಬಂದ್ಮೇಲೆ ತೊಡೆಯಿಂದ ಇಳಿಸಿದ್ರಾ ನಿಮ್ಮಪ್ಪ?"

"ಇಲ್ಲ."

"ತರೀಕೆರೆ ಬರೋಗಂಟ?"

"ಇಳಿಸ್ಲಿಲ್ಲ."

"ಮತ್ತಿನ್ನೇನ್ ಬೇಕಾಗಿತ್ತು ಕಣೋ ನಿಂಗೆ?"

ನಾನು ಹೊರಗೆ ಬಂದೆ. ಜಗಲಿಯಲ್ಲಿ ಅಜ್ಜನ ಎದುರು ಅಪ್ಪ ಆಗಲೇ ದೊಡ್ಡಪ್ಪನ ಮಗನನ್ನು ಹೆಗಲಿಗೇರಿಸಿಕೊಂಡಿದ್ದರು. ಅವತ್ತು ಮೊದಲ ಸಲ ನನಗೆ ಹೊಟ್ಟೆ ಉರಿಯಲಿಲ್ಲ.