ಅವ್ವನಿಗೆ ನಾನು ಓದಿ ಹೇಳಿದ ಫಾರ್ಮ್

ನನ್ನ ಮದುವೆಯಾಯಿತು, ಇವರು ಎಷ್ಟು ಒಳ್ಳೆಯವರೆಂದರೆ ನಾನು ಮೂರು ಸಲ ಮನೆಯ ಕೀಲಿ ಕಳೆದರೂ ಬೈಯದೆ, ಇಂದು ನನ್ನ ಜೊತೆ ಡಾಕ್ಟರ ಹತ್ತಿರ ಬಂದರು! ಅಲ್ಲಿ ಎಡಿಎಚ್‌ಡಿ ಪರೀಕ್ಷೆಯ ಫಾರ್ಮ್ ಕೈಗೆ ಬಂದದ್ದೇ ತಡ, ಮನಸ್ಸಿನಲ್ಲಿ ನಾನು ಮತ್ತೆ ತವರೂರಿನ ಕೇಶ್ವಾಪುರದ ಕ್ಲಿನಿಕ್ಕಿನ ಬೆಂಚಿನ ಮೇಲಿದ್ದೆ.

ಆಗ ಮೂರನೇ ಕ್ಲಾಸು. ನನಗೆ ಗಮನವೇ ನಿಲ್ಲುವುದಿಲ್ಲವೆಂದು ಟೀಚರ್ ಕಳಿಸಿದ್ದರು. ಉತ್ತರಿಸಬೇಕಾದವಳು ಅವ್ವ; ಪ್ರಶ್ನೆಗಳೆಲ್ಲ ಇಂಗ್ಲಿಷಿನಲ್ಲಿ. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಪೆನ್ನು ನನಗೇ ಕೊಟ್ಟಳು.

"ನೀನ ಓದಿ ಹೇಳವ್ವಾ. ಇಂಗ್ಲಿಷಿನ್ಯಾಗ ಭಾಳ ಶ್ಯಾಣ್ಯಾಕಿ ನೀ."

'ವಸ್ತುಗಳನ್ನು ಕಳೆದುಕೊಳ್ಳುತ್ತಾಳೆಯೇ?' ಎಂದಿತ್ತು. ಹೌದೆಂದರೆ ಶಾಲೆ ಬಿಡಿಸಿಬಿಡುತ್ತಾರೆಂಬ ಹೆದರಿಕೆ ನನಗೆ.

"ಮಂದಿ ಸಾಮಾನು ಕದೀತಾಳೇನು ಅಂತ ಕೇಳ್ಯಾರವ್ವಾ."

"ಅಯ್ಯ, ನನ್ನ ಮಗಳೇನು ಕಳ್ಳೇನು? ಇಲ್ಲ ಅಂತ ಬರಿ!"

ಹೀಗೇ ಎಲ್ಲದಕ್ಕೂ ಇಲ್ಲ. ಫಾರ್ಮ್ ನೋಡಿ ಡಾಕ್ಟರು ತೊಂದರೆ ಏನೂ ಇಲ್ಲವೆಂದರು. ಅವ್ವ ಓಣಿಗೆಲ್ಲ ಫೇಡೆ ಹಂಚಿದಳು.

ಆಮೇಲೆ ಕಳೆದ ಪ್ರತಿ ನೀರಿನ ಬಾಟಲಿಗೂ ಒಂದು ಏಟು. "ಡಾಕ್ಟರ್ ಏನೂ ಇಲ್ಲ ಅಂದಾರ. ನೀ ಬೇಕಂತನ ಮಾಡ್ತಿ!" ಹೊಡೆದು ಅವಳೇ ಅಳುತ್ತಿದ್ದಳು. ನಾನು ಓದಿ ಹೇಳಿದ್ದು ಸುಳ್ಳೆಂದು ಅವಳಿಗೆ ಇಂದಿಗೂ ಗೊತ್ತಿಲ್ಲ.

ಇಂದಿನ ಈ ಫಾರ್ಮಿನಲ್ಲೂ ನನ್ನ ಬಾಲ್ಯದ ಬಗ್ಗೆ ತಾಯಿ ಉತ್ತರಿಸಬೇಕಾದ ಒಂದು ಪುಟವಿದೆ. ಈ ಸಲ ಇದ್ದದ್ದನ್ನು ಇದ್ದ ಹಾಗೇ ಓದಬೇಕು. ಅವಳ ಮುಖ ನೋಡಿ ಹೇಗೆ ಓದಲಿ, ಗೊತ್ತಿಲ್ಲ. ಅವ್ವಾ, ಶನಿವಾರ ಮುಂಜಾನೆ ರಾಣಿ ಚನ್ನಮ್ಮ ಎಕ್ಸ್‌ಪ್ರೆಸ್‌ಗೆ ಬರುತ್ತಿದ್ದೇನೆ.