ಡೊರ್ಸಿಲಾ ಬರೆಯಲು ಹೆದರಿದ ಕೂಸು

ಡೊರ್ಸಿಲಾಳ ಸುದ್ದಿ ನನ್ನ ಕಿವಿಗೆ ಮೊದಲು ಬಿದ್ದದ್ದು ಸರೋವರದ ಮೀನನ್ನು ಗೋಣಿಯ ಮೇಲೆ ಒಣಹಾಕುತ್ತಿದ್ದ ದಿನ. ಪಕ್ಕದ ಮನೆಯ ಅಸೇವೆ ಬೇಲಿಯಾಚೆಯಿಂದಲೇ ಕೂಗಿದಳು.

"ಅಜ್ಜೀ, ಕೇಳಿದ್ಯಾ? ತೋಟದಾಚೆ ಮನೆ ಸೊಸೆ ಡೊರ್ಸಿಲಾನ ಜನ ಎಣಿಸೋ ಕೆಲಸಕ್ಕೆ ಹಾಕವ್ರಂತೆ! ಹುಟ್ಟಿದೋರು, ಸತ್ತೋರು, ಊರು ಬಿಟ್ಟೋರು, ಎಲ್ಲಾ ಬರ್ಕೊಂಡು ಕಿಸುಮು ಪಟ್ಟಣದ ಆಫೀಸಿಗೆ ಕೊಡ್ತಾಳಂತೆ."

"ಥೂ, ಸಾವಿಗೆ ಮನೆ ತೋರಿಸೋ ಕೆಲಸ!" ಎಂದೆ. ಎಣಿಸಿದ್ದು ಉಳಿಯುವುದಿಲ್ಲವೆಂದು ನಮ್ಮಲ್ಲಿ ಕೊಟ್ಟಿಗೆಯ ದನವನ್ನೂ ಬೆರಳು ತೋರಿಸಿ ಎಣಿಸುವುದಿಲ್ಲ.

ಡೊರ್ಸಿಲಾ ಬಂದು ನನ್ನ ಬಾಗಿಲ ಮೇಲೆ ಬಣ್ಣದಲ್ಲಿ ನಂಬರ್ ಬರೆದಳು. ನಾನು ಸಗಣಿ ಮೆತ್ತಿದೆ. ಮತ್ತೆ ಬರೆದಳು, ಮತ್ತೆ ಮೆತ್ತಿದೆ.

"ನಿನ್ನ ಸಗಣಿ ಮುಗಿಯುತ್ತೋ ನನ್ನ ಬಣ್ಣ ಮುಗಿಯುತ್ತೋ, ನೋಡೇಬಿಡೋಣ ಅಜ್ಜಿ" ಎಂದು ನಕ್ಕಳು. ಆ ನಗುವಿಗೆ ಸೋತು ಗಂಜಿ ಕೊಟ್ಟೆ. "ಮಕ್ಕಳು ಸಾಯೋದು ಜ್ವರದಿಂದ, ಬರೆಯೋದ್ರಿಂದಲ್ಲ. ಎಲ್ಲಿ ಸಾಯ್ತವೆ ಅಂತ ಗೊತ್ತಾದ್ರೆ ತಾನೆ ಔಷಧಿ ಬರೋದು?" ಎನ್ನುತ್ತಿದ್ದಳು.

ಆಮೇಲೆ ಅವಳಿಗೇ ಮಗುವಾಯಿತು. ತಾನೇ ಬರೆದಳು. ಅದು ತೀರಿಕೊಂಡಿತು, ಅದನ್ನೂ ತಾನೇ ಬರೆದಳು. ಎರಡನೆಯದೂ ಹಾಗೇ. ಅವಳು ಬರುವುದು ಕಂಡರೆ ಹೆಂಗಸರು ಕೂಸುಗಳನ್ನು ಒಳಗೆ ಬಚ್ಚಿಡತೊಡಗಿದರು. ಅಸೇವೆಯಂತೂ ಎದುರಿಗೇ ಅಂದಳು: "ನಿನ್ನ ಪೆನ್ನು ನಿನ್ನ ಮಕ್ಕಳನ್ನೇ ತಿಂತು, ಈಗ ನಮ್ಮವಕ್ಕೆ ಬಂತಾ?"

ಡೊರ್ಸಿಲಾ ಪುಸ್ತಕ ಕಂಕುಳಿಗೆ ಸಿಕ್ಕಿಸಿಕೊಂಡು ಮುಂದಿನ ಮನೆಗೆ ನಡೆದಳು.

ಮೂರನೆಯ ಹೆರಿಗೆ ನನ್ನ ಕೈಯಲ್ಲೇ ಆಯಿತು. ಹೆಣ್ಣು. ತಾಯಿ ಕೂಸಿನ ಮುಖವನ್ನೂ ನೋಡಲಿಲ್ಲ. "ಇದನ್ನ ಎಸೀತೀನಿ, ನೀನು ಎತ್ಕೋ ಅಜ್ಜಿ" ಎಂದಳು. ಮಕ್ಕಳು ಉಳಿಯದ ಮನೆಯಲ್ಲಿ ಹಾಗೆ ಮಾಡುತ್ತೇವೆ. ಯಾರಿಗೂ ಬೇಡದ ಕೂಸೆಂದು ಸಾವು ಬಿಟ್ಟುಹೋಗಲಿ ಎಂದು. ಬೆಳಗ್ಗೆ ದಾರಿಯಲ್ಲಿ ಬಾಳೆಯೆಲೆ ಹಾಸಿ ಮಲಗಿಸಿ, ತಿರುಗಿ ನೋಡದೆ ಹೋದಳು. ನಾನು ಬೇಲಿಯ ಮರೆಯಲ್ಲಿ ಕಾದು ನಿಂತಿದ್ದೆ. ನಾಯಿಯೊಂದು ಮೂಸುತ್ತ ಬಂದಾಗ ಓಡಿ ಎತ್ತಿಕೊಂಡೆ. "ಯಾರೋ ಎಸೆದ ಕೂಸು ಸಿಕ್ತು!" ಎಂದು ಕೂಗಿದೆ. ಎಸೆದ ಹೆಣ್ಣುಕೂಸಿಗೆ ಇಡುವ ಅವಿತಿ ಎಂಬ ಹೆಸರನ್ನೇ ಇಟ್ಟೆವು.

ತಾಯಿಯ ಮನೆಯಲ್ಲೇ ಬೆಳೆಯುತ್ತಿದ್ದ ಅವಿತಿಗೆ ಮೈ ಕಾದು, ನಾನು ನೋಡಲು ಹೋಗಿದ್ದ ದಿನವೇ ಆಫೀಸಿನವನು ಮೋಟಾರ್‌ಸೈಕಲ್ಲಿನಲ್ಲಿ ಬಂದ. ಡೊರ್ಸಿಲಾ ಊರಿನ ಹುಟ್ಟು ಸಾವು ಎಲ್ಲ ಓದಿ ಹೇಳಿದಳು; ಅವಿತಿಯನ್ನು ಮಾತ್ರ ಅವಳು ಬರೆದಿರಲಿಲ್ಲ. "ಇನ್ಯಾರಾದ್ರೂ ಹುಟ್ಟಿದ್ದಾರೇನಮ್ಮ?" ಎಂದ. ಡೊರ್ಸಿಲಾ ನೀರು ತರುವ ನೆವದಲ್ಲಿ ನನ್ನನ್ನು ಒಳಗೆ ಎಳೆದಳು.

"ಬಿಡು, ಹೇಳ್ಬೇಡ. ನಾನೂ ಬಾಯಿ ಬಿಡಲ್ಲ" ಎಂದೆ.

"ಹೇಳ್ದಿದ್ರೆ ನನ್ನ ಮಗಳು ಹುಟ್ಟೇ ಇಲ್ಲ ಅಂದಂಗಾಗುತ್ತೆ" ಎಂದಳು. ಆಮೇಲೆ ಮೂಲೆಯಲ್ಲಿ ನರಳುತ್ತಿದ್ದ ಕೂಸಿನ ಕಿವಿಯನ್ನು ಅಂಗೈಯಿಂದ ಮುಚ್ಚಿ, "ಎತ್ಕೊಂಡೋಳು ನೀನು, ನೀನೇ ಹೋಗಿ ಬರೆಸು ಅಜ್ಜಿ. ಆದ್ರೆ ಹೆಸರು ಮೆಲ್ಲಗೆ ಹೇಳು" ಎಂದಳು.